ಫಹ್ಮಿದಾ ಬೀಬಿಯ ಲ್ಯಾವೆಂಡರ್

ಶಿವಾಜಿನಗರದ ಖಾದರ್ ಸಾಹೇಬರ ಅತ್ತರಿನ ಅಂಗಡಿಯಲ್ಲಿ ಲ್ಯಾವೆಂಡರ್ ಎಣ್ಣೆ ಮೂರು ದರ್ಜೆಯಲ್ಲಿ ಸಿಗುತ್ತಿತ್ತು. ಮೂರರಲ್ಲಿ ಒಂದಕ್ಕೂ ಲ್ಯಾವೆಂಡರ್ ಗಿಡದ ವಾಸನೆ ಇಲ್ಲವೆಂದು ಅವರ ಹೆಂಡತಿ ಫಹ್ಮಿದಾ ಬೀಬಿ ಹೇಳುತ್ತಿದ್ದರು. ಗಿರಾಕಿಗೆ ಬೇಕಾದದ್ದು ಎಣ್ಣೆಯ ವಾಸನೆ, ಗಿಡದ್ದಲ್ಲ ಎಂದು ಸಾಹೇಬರು ಉತ್ತರ ಕೊಡುತ್ತಿದ್ದರು. ಈ ವಾದ ಅವರ ಮನೆಯಲ್ಲಿ ಊಟದ ಎಲೆಯ ಉಪ್ಪಿನಕಾಯಿಯಂತೆ ದಿನವೂ ಇರುತ್ತಿತ್ತು. ಯಾರೂ ಗೆಲ್ಲಲಿಲ್ಲ, ಯಾರಿಗೂ ಬೇಸರವಾಗಲಿಲ್ಲ.

ಗಿಡ ಇದ್ದದ್ದು ಮನೆಯ ತಾರಸಿಯ ಮೇಲೆ, ಬಣ್ಣದ ಹಳೆಯ ಬಕೆಟ್ಟಿನಲ್ಲಿ. ಹಿಂದಿನ ಗಲ್ಲಿಯಲ್ಲಿದ್ದ ಮಾರಿಯಾ ಟೀಚರ್ ಮನೆ ಖಾಲಿ ಮಾಡಿ ಹಲಸೂರಿಗೆ ಹೋಗುವಾಗ ಅದನ್ನು ಬೀಬಿಯ ಕೈಗೆ ಕೊಟ್ಟು ಹೋಗಿದ್ದರು. ಬೆಂಗಳೂರಿನ ಹವೆಗೆ ಅದು ಎಂದೂ ಮನಸ್ಸು ಬಿಚ್ಚಿ ಬೆಳೆಯಲಿಲ್ಲ. ವರ್ಷಕ್ಕೊಮ್ಮೆ ನಾಲ್ಕಾರು ನೇರಳೆ ತೆನೆ ಬಿಟ್ಟು, ಕರ್ತವ್ಯ ಮುಗಿಯಿತೆಂಬಂತೆ ಸುಮ್ಮನಾಗುತ್ತಿತ್ತು. ಬೀಬಿ ಆ ತೆನೆಗಳನ್ನು ಒಣಗಿಸಿ ಬಟ್ಟೆಯ ಮಡಿಕೆಗಳಲ್ಲೂ ನಮಾಜಿನ ಚಾಪೆಯ ಸುರುಳಿಯಲ್ಲೂ ಇಡುತ್ತಿದ್ದರು. ಇಡೀ ಅಂಗಡಿಯ ಅತ್ತರು ಮೈಗೆ ಹತ್ತಿದ್ದ ಸಾಹೇಬರಿಗೆ, ನಮಾಜಿನಲ್ಲಿ ಹಣೆ ನೆಲಕ್ಕೆ ತಾಗಿಸಿದಾಗ ಮಾತ್ರ ಆ ಗಿಡದ ವಾಸನೆ ಬರುತ್ತಿತ್ತು. ಇದನ್ನು ಅವರು ಹೆಂಡತಿಗೆ ಎಂದೂ ಹೇಳಲಿಲ್ಲ. ಹೇಳಿದ್ದರೆ ವಾದದಲ್ಲಿ ಸೋತಂತಾಗುತ್ತಿತ್ತು.

ರಜಬ್ ತಿಂಗಳಲ್ಲಿ ಫಹ್ಮಿದಾ ಬೀಬಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ಮನೆಗೆ ಬರಲಿಲ್ಲ.

ಸಾವಿನ ಮನೆಗೆ ಬಂದ ಹೆಂಗಸರೆಲ್ಲ ತಾರಸಿಗೂ ಹೋದರು. ಬೀಬಿ ಕೈಯಾರೆ ಸಾಕಿದ ಗಿಡ, ಇದಕ್ಕೆ ಒಂದು ಚೊಂಬು ನೀರು ಹಾಕಿದರೆ ಅವರ ಹೆಸರಿಗೆ ಪುಣ್ಯ ಸೇರುತ್ತದೆ ಎಂದು ಮೊದಲು ಬಂದವರು ಯಾರೋ ಹೇಳಿದರು. ಆಮೇಲೆ ಬಂದವರು ಯಾರೂ ಹಿಂದೆ ಬೀಳಲಿಲ್ಲ. ಫ್ರೇಜರ್ ಟೌನಿನವರು ಹಾಕಿದರು. ಟ್ಯಾನರಿ ರಸ್ತೆಯವರು ಹಾಕಿದರು. ಚಿತ್ತೂರಿನಿಂದ ಬಂದ ನೆಂಟರು ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಹಾಕಿದರು. ಲ್ಯಾವೆಂಡರ್ ಬಾಯಾರಿಕೊಂಡೇ ಬದುಕುವ ಗಿಡ. ಸತ್ತವರಿಗಾಗಿ ಓದುವ ನಲವತ್ತನೆಯ ದಿನದ ಫಾತಿಹಾ ಮುಗಿಯುವ ಹೊತ್ತಿಗೆ ಅದರ ಬುಡ ಕಪ್ಪಾಗಿ, ಎಲೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು.

“ಏನಾಗಿದೆ ಇದಕ್ಕೆ?” ಎಂದು ಸಾಹೇಬರು ತಂಗಿಯನ್ನು ಕೇಳಿದರು. ತಂಗಿ ಬಿಲ್ಕೀಸ್ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಇದ್ದಳು. ಎದುರಿಗೆ ಯಾರಿದ್ದರೂ ಮಾತನ್ನು ಚಿಕ್ಕದು ಮಾಡಿ ಹೇಳುವವಳು.

“ಪುಣ್ಯ ಜಾಸ್ತಿಯಾಗಿದೆ, ಭಾಯಿಜಾನ್” ಎಂದಳು.

ಸಾಹೇಬರಿಗೆ ನಗು ಬರಲಿಲ್ಲ. ಗಿಡ ಸತ್ತರೆ ಇನ್ನೊಂದು ತರಬಹುದು ಎಂಬ ಸಂಗತಿ ಇದಾಗಿರಲಿಲ್ಲ. ಗೋರಿಯ ಮೇಲಿನ ಗಿಡ ಹಸಿರಾಗಿರುವಷ್ಟು ಕಾಲ ದೇವರ ಸ್ಮರಣೆ ಮಾಡುತ್ತಿರುತ್ತದೆ, ಅದರಿಂದ ಮಣ್ಣಿನಡಿ ಮಲಗಿದವರಿಗೆ ಭಾರ ಕಡಿಮೆಯಾಗುತ್ತದೆ ಎಂದು ಅವರು ಚಿಕ್ಕಂದಿನಲ್ಲಿ ಅಜ್ಜನಿಂದ ಕೇಳಿದ್ದರು, ನಂಬಿದ್ದರು. ಹೆಂಡತಿಯ ಗೋರಿಯ ಮೇಲೆ ಹೆಂಡತಿ ಸಾಕಿದ ಗಿಡವೇ ನಿಲ್ಲಬೇಕೆಂದು ಮಣ್ಣು ಕೊಟ್ಟು ಬಂದ ದಿನವೇ ನಿಶ್ಚಯಿಸಿದ್ದರು. ಎರಡು ಸಲ ರೆಂಬೆ ಮುರಿದು ಖಬರಸ್ತಾನಕ್ಕೆ ಒಯ್ದು ನೆಟ್ಟಿದ್ದರು. ಒಂದು ಸಲ ಬಿಸಿಲು ತಿಂದಿತು, ಒಂದು ಸಲ ಮೇಕೆ ತಿಂದಿತು.

“ಸಬ್ಜಾ ಗಿಡ ಹಾಕಿ. ಎಲ್ಲರೂ ಅದನ್ನೇ ಹಾಕ್ತಾರೆ” ಎಂದಳು ಬಿಲ್ಕೀಸ್.

“ಎಲ್ಲರೂ ಮಾಡಿದ್ದನ್ನ ಅವಳು ಯಾವತ್ತು ಮೆಚ್ಚಿಕೊಂಡಳು?” ಎಂದು ಸಾಹೇಬರು ಅಂಗಡಿಗೆ ಹೊರಟರು.

ಅಂದು ಅಮಾವಾಸ್ಯೆಯ ಹಿಂದಿನ ದಿನ. ಗರುಡಾಚಾರ್‌ಪಾಳ್ಯದ ಮುನಿಆಂಜನಪ್ಪ ಲೋಬಾನ ಕೊಳ್ಳಲು ಬಂದರು. ಅವರ ಊರಿನ ದೇವಿಯ ಗುಡಿಯ ಧೂಪಕ್ಕೆ ಸಾಬರ ಅಂಗಡಿಯ ಲೋಬಾನವೇ ಆಗಬೇಕು, ಬೇರೆಯದಾದರೆ ಅಮ್ಮನಿಗೆ ಸೀನು ಬರುತ್ತದೆ ಎಂಬುದು ಅವರ ನಂಬಿಕೆ. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಆ ಹೊಲದ ಮೇಲೆ ಶೆಡ್ಡುಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು.

“ಏನ್ ಸಾಬ್ರೇ, ಮಖ ಒಣಗೋಗದೆ?”

ಸಾಹೇಬರು ಗಿಡದ ಕಥೆಯನ್ನು ಹೇಳಿದರು.

“ಅಯ್ಯೋ, ಅಷ್ಟೇನಾ! ನನ್ ಶೆಡ್ನಾಗೆ ಹುಡ್ಗೀರು ಇದೇ ಕೆಲ್ಸ ಮಾಡ್ತವ್ರೆ ಕಣ್ರೀ. ಒಂದು ಚಿಗುರು ಕೊಟ್ರೆ ಬಾಟ್ಲಿಗ್ ಹಾಕಿ ಸಾವ್ರ ಮಾಡ್ತಾರೆ. ಟಿಶ್ಯೂ ಬಾಳೆ ಅಂತಾರಲ್ಲ, ಅದು.”

“ಇದು ಬಾಳೆ ಅಲ್ಲ ಮುನಿಆಂಜನಪ್ಪ, ಲ್ಯಾವೆಂಡರ್.”

“ಬಾಟ್ಲಿಗೇನ್ ಗೊತ್ತು ಸಾಬ್ರೇ, ಒಳಗಿರೋದು ಬಾಳೆನೋ ಬದ್ನೇಕಾಯೋ. ಬನ್ನಿ ನಾಳೆ.”

ಮರುದಿನ ಸಾಹೇಬರು ಬಕೆಟ್ಟನ್ನು ತಬ್ಬಿಕೊಂಡು ಹಲಸೂರಿನಲ್ಲಿ ಮೆಟ್ರೋ ಹತ್ತಲು ಹೋದರು. ಕಾವಲಿನವನು ತಡೆದ.

“ಏನ್ ಸರ್ ಇದು?”

“ಗಿಡ.”

“ಏನಾಗಿದೆ ಇದಕ್ಕೆ?”

“ಖಾಯಿಲೆ.”

ಅವನು ಬಕೆಟ್ಟನ್ನು ಸಾಮಾನು ಪರೀಕ್ಷೆಯ ಯಂತ್ರದೊಳಗೆ ಹಾಯಿಸಿ ಪರದೆಯನ್ನು ನೋಡಿದ. ಅವನಿಗೂ ಏನೂ ತಿಳಿಯಲಿಲ್ಲ. ಹೋಗಿ ಎಂದು ಕೈ ಮಾಡಿದ.

ಗರುಡಾಚಾರ್‌ಪಾಳ್ಯದ ಆ ಶೆಡ್ಡು ಹೊರಗಿನಿಂದ ಗೋದಾಮಿನಂತೆ ಕಂಡರೂ ಒಳಗೆ ಆಸ್ಪತ್ರೆಯಂತಿತ್ತು. ಬಿಳಿ ಗೋಡೆ, ಗಾಜಿನ ಬಾಗಿಲು, ಗೌನು ಟೋಪಿ ಮಾಸ್ಕು ಹಾಕಿದ ಹುಡುಗಿಯರು. ಇನ್ನೊಂದು ಕೋಣೆಯಲ್ಲಿ ಹಲಗೆಯ ಮೇಲೆ ಹಲಗೆ, ಹಲಗೆಯ ತುಂಬ ಗಾಜಿನ ಬಾಟಲಿ, ಪ್ರತಿ ಬಾಟಲಿಯಲ್ಲೂ ಬೆರಳುದ್ದದ ಬಾಳೆ. ಎಲ್ಲವಕ್ಕೂ ಟ್ಯೂಬ್‌ಲೈಟಿನ ಬೆಳಕೇ ಸೂರ್ಯ. ಸಾಹೇಬರು ಬಾಗಿಲಲ್ಲೇ ನಿಂತರು. ಮುನಿಆಂಜನಪ್ಪ ತಮ್ಮ ಹೊಲದಲ್ಲಿ ತಾವೇ ಬಿತ್ತಿದ ಬೆಳೆಯೆಂಬಂತೆ ಮೀಸೆ ಸವರಿದರು.

ಅಲ್ಲಿಯ ಮೇಲ್ವಿಚಾರಕಿ ಪದ್ಮಶ್ರೀ. ಸಿ.ವಿ. ರಾಮನ್ ನಗರದ ಹುಡುಗಿ, ಸಸ್ಯಶಾಸ್ತ್ರ ಓದಿದವಳು. ಗಿಡದ ಬುಡವನ್ನು ಕೆದಕಿ ನೋಡಿದಳು.

“ಇದು ಅರ್ಧ ಹೋಗಿದೆ ಸರ್.”

“ಅರ್ಧ ಇದೆಯಲ್ಲಮ್ಮ.”

“ನಮ್ಗೆ ಆರ್ಡರ್ ಇರೋದು ಬಾಳೆ, ಆಂಥೂರಿಯಂ. ಲ್ಯಾವೆಂಡರ್ ನಾವು ಮಾಡೇ ಇಲ್ಲ.”

“ಮಾಡಿಲ್ಲ ಅಂದ್ರೆ ಮಾಡಿ ಮೇಡಂ. ಶೆಡ್ ಕಟ್ಸೋಕ್ ಮುಂಚೆ ನಾನೂ ಶೆಡ್ ಕಟ್ಸಿರ್ಲಿಲ್ಲ” ಎಂದರು ಮುನಿಆಂಜನಪ್ಪ.

ಜಾಗದ ಯಜಮಾನರ ಮಾತು. ಪದ್ಮಶ್ರೀ ನಿಟ್ಟುಸಿರು ಬಿಟ್ಟು, ಹಸಿರು ಉಳಿದಿದ್ದ ರೆಂಬೆಗಳ ತುದಿಗಳನ್ನು ಕತ್ತರಿಸಿಕೊಂಡಳು. ಏನು ಮಾಡುತ್ತೀರಿ ಎಂದು ಸಾಹೇಬರು ಕೇಳಿದ್ದಕ್ಕೆ, ಕೆಲಸ ಮಾಡುತ್ತಲೇ ಹೇಳಿದಳು. ಮೊದಲು ಸೋಪಿನ ನೀರಿನಲ್ಲಿ ತೊಳೆಯುವುದು, ಆಮೇಲೆ ಸ್ಪಿರಿಟ್ಟಿನಲ್ಲಿ, ಆಮೇಲೆ ಬ್ಲೀಚಿನಲ್ಲಿ, ಕೊನೆಗೆ ಕಾಯಿಸಿ ಆರಿಸಿದ ನೀರಿನಲ್ಲಿ ಮತ್ತೆ ಮತ್ತೆ.

“ವುಜೂ ಮಾಡಿಸ್ತೀರಿ ಅನ್ನಿ” ಎಂದರು ಸಾಹೇಬರು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಶುದ್ಧಿ ಅದು. ಅವರಿಗೆ ಈ ಕೆಲಸದ ಮೇಲೆ ಗೌರವ ಬಂತು.

“ಹೂಂ ಸರ್. ಆಮೇಲೆ ಎಳ್ಳಿನಷ್ಟು ತುದಿ ಕಟ್ ಮಾಡಿ ಬಾಟಲಿಗೆ ಹಾಕ್ತೀವಿ. ಬಾಟಲಿಯಲ್ಲಿ ಜೆಲ್ಲಿ ಇರತ್ತೆ. ಗಿಡಕ್ಕೆ ಬೇಕಾದ ಉಪ್ಪು, ಸಕ್ಕರೆ ಎಲ್ಲಾ ಅದರಲ್ಲೇ. ಆದರೆ ಸಕ್ಕರೆ ಕಂಡ್ರೆ ಕ್ರಿಮಿಗಳೂ ಬಿಡಲ್ಲ. ಒಂದು ಒಳಗೆ ಹೋದ್ರೂ ಗಿಡಕ್ಕಿಂತ ಮುಂಚೆ ಅದೇ ತಿಂದು, ಅದೇ ಬೆಳೆದು, ಗಿಡಾನ ಮುಗಿಸತ್ತೆ. ಅದಕ್ಕೇ ಬಾಟಲಿ ತೆರೆದಿರೋವಾಗ ನಾವು ಬಾಯೇ ಬಿಡಲ್ಲ.”

“ಹುಡ್ಗೀರು ಮಾತಾಡ್ದೆ ಕೂತಿರೋದ್ ನೋಡೋಕೇ ನಾನು ಬಾಡ್ಗೆ ನೆಪ ಮಾಡ್ಕೊಂಡು ಬರ್ತೀನಿ” ಎಂದರು ಮುನಿಆಂಜನಪ್ಪ.

ಅಲ್ಲಿಂದ ಸಾಹೇಬರಿಗೆ ಶುಕ್ರವಾರದ ನಮಾಜು ಮುಗಿಸಿ ಗರುಡಾಚಾರ್‌ಪಾಳ್ಯಕ್ಕೆ ಹೋಗುವುದು ರೂಢಿಯಾಯಿತು. ಗಾಜಿನ ಆಚೆಯಿಂದ ಪದ್ಮಶ್ರೀ ಬಾಟಲಿಗಳನ್ನು ಎತ್ತಿ ತೋರಿಸುತ್ತಿದ್ದಳು. ಸಾಹೇಬರು ಈಚೆ ನಿಂತು ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದರು. ಮೊದಲನೆಯ ವಾರವೇ ಹೆಚ್ಚಿನವುಗಳಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಎದ್ದಿತ್ತು. ಅವಳು ತಲೆಯಾಡಿಸಿ ಬಾಟಲಿಯನ್ನು ಪಕ್ಕಕ್ಕಿಟ್ಟರೆ ಸಾಹೇಬರು, ಸತ್ತವರ ಸುದ್ದಿ ಬಂದಾಗ ಹೇಳುವ “ಇನ್ನಾ ಲಿಲ್ಲಾಹಿ” ಹೇಳುತ್ತಿದ್ದರು. ಕೆಟ್ಟ ಬಾಟಲಿಗಳನ್ನು ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಕ್ರಿಮಿಗಳನ್ನು ಕೊಂದು ತೊಳೆಯುವುದು ಅಲ್ಲಿಯ ಕ್ರಮ. ಕೆಲವು ವಾರಗಳಲ್ಲಿ ಅಲ್ಲಿಯ ಹುಡುಗಿಯರು ಬಾಳೆಯ ಬಾಟಲಿ ಕೆಟ್ಟಾಗಲೂ “ಇನ್ನಾ ಲಿಲ್ಲಾ” ಎಂದು ಕುಕ್ಕರಿಗೆ ಹಾಕಲು ಕಲಿತರು.

ಲ್ಯಾವೆಂಡರಿನ ಬಾಟಲಿಗಳಲ್ಲಿ ಮೂರು ಉಳಿದವು. ಅಷ್ಟರಲ್ಲಿ ಮನೆಗೆ ವಾಪಸು ತಂದಿದ್ದ ಬಕೆಟ್ಟಿನ ಗಿಡ ಪೂರ್ತಿ ಒಣಗಿತು. ಬಿಲ್ಕೀಸ್ ಕಡ್ಡಿಗಳನ್ನು ಕಿತ್ತು ಬಕೆಟ್ಟನ್ನು ತೊಳೆದು ಬಚ್ಚಲಿಗೆ ಇಟ್ಟಳು. ಫಹ್ಮಿದಾ ಬೀಬಿಯ ಗಿಡವೆಂದು ಭೂಮಿಯ ಮೇಲೆ ಉಳಿದದ್ದು ಆ ಮೂರು ಬಾಟಲಿಗಳಲ್ಲಿದ್ದಷ್ಟೇ. ಅವುಗಳಲ್ಲಿ ಚಿಗುರುಗಳು ನೆಟ್ಟಗೆ ನಿಂತಿದ್ದವು. ಉಗುರಿನ ಅಂಚಿನಷ್ಟು ಎಲೆ, ಆದರೂ ಹಸಿರು.

ಚಿಗುರುಗಳನ್ನು ಬಿಡಿಸಿ ಹೊಸ ಜೆಲ್ಲಿಗೆ ಬದಲಿಸುವ ದಿನ ಬಂತು. ಇಷ್ಟು ದಿನ ಗಾಜಿನ ಆಚೆ ನಿಂತು ಒಮ್ಮೆಯೂ ತೊಂದರೆ ಕೊಡದ ಮುದುಕರು ಒಂದು ಸಲ ಒಳಗೆ ಬಂದು ನೋಡಲಿ ಎಂದು ಪದ್ಮಶ್ರೀಗೆ ಅನ್ನಿಸಿತು. ಅವಳ ವೃತ್ತಿಯಲ್ಲಿ ಇಂಥ ಅನ್ನಿಸಿಕೆಗಳಿಗೆ ಜಾಗವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸಾಹೇಬರಿಗೆ ಕೈ ತೊಳೆಸಿ, ಗೌನು ಟೋಪಿ ಮಾಸ್ಕು ಹಾಕಿಸಿದರು. ಹಜ್ಜಿಗೆ ಹೋದಾಗ ಉಟ್ಟ ಬಿಳಿ ಬಟ್ಟೆಗಿಂತ ಇದರಲ್ಲಿ ಗುಂಡಿ ಜಾಸ್ತಿ ಎಂದುಕೊಂಡು ಅವರು ಒಳಗೆ ಹೋದರು. ಪದ್ಮಶ್ರೀ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಕುಳಿತಿದ್ದಳು. ಪೆಟ್ಟಿಗೆಯ ಹಿಂಬದಿಯಿಂದ ಸೋಸಿದ ಗಾಳಿ ಸದಾ ಅವಳ ಕಡೆಗೆ ಬೀಸುತ್ತಿತ್ತು. ಅವಳು ಇಕ್ಕಳವನ್ನು ದೀಪದ ಉರಿಗೆ ಹಿಡಿದು ಆರಿಸಿ, ಮೂರೂ ಬಾಟಲಿಗಳ ಮುಚ್ಚಳ ತೆಗೆದಳು. ಚಿಗುರುಗಳನ್ನು ಎತ್ತಿ ಗಾಜಿನ ತಟ್ಟೆಯ ಮೇಲೆ ಮಲಗಿಸಿದಳು. ಸಾಹೇಬರು ಭುಜದ ಬಳಿಯಲ್ಲಿ ನಿಂತಿದ್ದರು. ಹತ್ತಿರ, ಬಹಳ ಹತ್ತಿರ.

ಅವರ ತುಟಿ ಮಾಸ್ಕಿನೊಳಗೆ ಆಡುತ್ತಿತ್ತು. ಖಾಯಿಲೆಯವರ ಮೇಲೆ ಓದುವ ಕುರಾನಿನ ಆಯತ್ತುಗಳು ಅವು. ಓದಿ ಮುಗಿಸಿದ ಮೇಲೆ ಊದಬೇಕು. ಅದನ್ನು ದಮ್ ಮಾಡುವುದು ಎನ್ನುತ್ತಾರೆ. ಸಾಹೇಬರು ತಮ್ಮ ಜೀವಮಾನದಲ್ಲಿ ಜ್ವರ ಬಂದ ಮಕ್ಕಳ ಮೇಲೆ ಊದಿದ್ದರು, ಕುಡಿಯುವ ನೀರಿನ ಮೇಲೆ ಊದಿದ್ದರು, ಅಂಗಡಿಯ ಹೊಸ ಶಟರಿನ ಮೇಲೆ ಊದಿದ್ದರು. ಮುನಿಆಂಜನಪ್ಪ ತಮ್ಮ ಮೊಮ್ಮಗಳು ರಚ್ಚೆ ಹಿಡಿದಾಗ ಎತ್ತಿಕೊಂಡು ಬಂದು ಊದಿಸಿಕೊಂಡು ಹೋಗಿದ್ದರು. ಓದಿ ಊದದೆ ಬಿಟ್ಟರೆ ಅಂಚೆಪೆಟ್ಟಿಗೆಗೆ ಹಾಕದ ಕಾಗದದಂತೆ.

ಸಾಹೇಬರು ಮಾಸ್ಕನ್ನು ಗದ್ದಕ್ಕೆ ಇಳಿಸಿದರು. ಬಗ್ಗಿದರು. ತಟ್ಟೆಯ ಮೇಲಿದ್ದ ಚಿಗುರುಗಳ ಮೇಲೂ ತೆರೆದ ಬಾಟಲಿಗಳ ಬಾಯಿಗೂ ನಿಧಾನವಾಗಿ, ಶ್ರದ್ಧೆಯಿಂದ, ಒಂದನ್ನೂ ಬಿಡದೆ ಊದಿದರು.

ಬಾಟಲಿ ತೆರೆದಿರುವಾಗ ಪದ್ಮಶ್ರೀ ಬಾಯಿ ಬಿಟ್ಟದ್ದು ಅದೇ ಮೊದಲು.

“ಏನ್ ಮಾಡ್ಬಿಟ್ರಿ ಸರ್!”

“ದುವಾ ಮಾಡಿದೆ ಅಮ್ಮ.”

“ಊದಿದ್ರಿ!”

“ಊದದೆ ಅದಕ್ಕೆ ತಲುಪೋದು ಹೇಗೆ?”

“ಬಾಯಲ್ಲಿ ಎಷ್ಟು ಕ್ರಿಮಿ ಇರತ್ತೆ ಗೊತ್ತಾ?”

“ಮಿಸ್ವಾಕ್ ಕಡ್ಡಿಯಲ್ಲಿ ಹಲ್ಲುಜ್ಜಿ ಬಂದಿದ್ದೀನಮ್ಮ.” ಸಾಹೇಬರು ಪೆಟ್ಟಿಗೆಯ ಕಡೆ ಕೈ ತೋರಿಸಿದರು. “ಆ ಯಂತ್ರವೂ ಬೆಳಗಿನಿಂದ ಊದ್ತಾನೇ ಇದೆಯಲ್ಲ?”

“ಅದು ಸೋಸಿದ ಗಾಳಿ ಸರ್!”

“ಇದು ಓದಿದ ಗಾಳಿ” ಎಂದರು ಸಾಹೇಬರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಪದ್ಮಶ್ರೀ ಚಿಗುರುಗಳನ್ನು ಹೊಸ ಬಾಟಲಿಗಳಿಗೆ ಹಾಕಿ ಮುಚ್ಚಿದಳು. ಹೊರಗೆ ಬಂದು ಕೈಗವಸನ್ನು ಕಿತ್ತು ಬುಟ್ಟಿಗೆ ಎಸೆದಳು.

ಮುಂದಿನ ಶುಕ್ರವಾರದವರೆಗೆ ಕಾಯಬೇಕಾಗಲಿಲ್ಲ. ಬನ್ನಿ ಎಂದು ಫೋನು ಬಂತು. ಸಾಹೇಬರು ಹೋದರೆ, ಸುದ್ದಿ ಕೇಳಿ ಮುನಿಆಂಜನಪ್ಪನೂ ಬಂದು ಕುಳಿತಿದ್ದರು. ಮೇಜಿನ ಮೇಲೆ ಬಾಟಲಿಗಳಿದ್ದವು. ಪ್ರತಿಯೊಂದು ಚಿಗುರಿನ ಬುಡದ ಸುತ್ತಲೂ ಜೆಲ್ಲಿಯ ಮೇಲೆ ಹಾಲು ಚೆಲ್ಲಿದಂತೆ ಬಿಳಿಯ ಉಂಗುರ.

“ಇದೇನಮ್ಮ?”

“ನಿಮ್ಮ ಬಾಯಿಂದ ಬಂದಿದ್ದು.”

ಸಾಹೇಬರು ಕುರ್ಚಿಯಲ್ಲಿ ಕುಳಿತರು. ತಮ್ಮ ಬಾಯಿಂದ ದೇವರ ವಾಕ್ಯದ ಜೊತೆಯಲ್ಲಿ ಇದೂ ಹೊರಟಿತ್ತೆಂದು ನಂಬುವುದು ಅವರಿಗೆ ಕಷ್ಟವಾಯಿತು. ಆದರೆ ಉಂಗುರ ಕಣ್ಣೆದುರಿಗೇ ಇತ್ತು. ಅವರು ಬಹಳ ಹೊತ್ತು ಅದನ್ನು ನೋಡಿದರು.

“ಬೈಬೇಡಿ ಮೇಡಂ” ಎಂದರು ಮುನಿಆಂಜನಪ್ಪ. “ಈ ಶೆಡ್ ಪೂಜೆ ದಿನ ನಮ್ ಗುಡಿ ಪೂಜಾರೀನೂ ಒಳಕ್ಕೋಗಿ ಧೂಪ ಹಾಕಿ, ಬೂದುಗುಂಬ್ಳ ಒಡೆದು, ಎಲ್ಲಾ ಬಾಟ್ಲಿಗೂ ಕುಂಕ್ಮ ಇಟ್ಟಿರ್ಲಿಲ್ವಾ?”

“ಆ ತಿಂಗಳು ಬಾಳೆ ಪೂರ್ತಿ ಹೋಯ್ತು” ಎಂದಳು ಪದ್ಮಶ್ರೀ.

“ಅದೇ ಹೇಳ್ದೆ. ಎಲ್ಲಾ ದೇವ್ರದೂ ಇಲ್ಲಿ ಒಂದೇ ರಿಸಲ್ಟು.”

ಪದ್ಮಶ್ರೀಗೆ ನಗು ಬಂದಿತ್ತು. ಕೋಪ ಇಳಿಯದೆ ನಗಬಾರದೆಂದು ಮುಖ ತಿರುಗಿಸಿದಳು. ಆಮೇಲೆ ಕೇಳಿದಳು. “ಗಾಜಿನ ಆಚೆ ನಿಂತು ಇಷ್ಟು ದಿನ ಓದಿದ್ರಲ್ಲ ಸರ್. ಅವತ್ತು ಯಾಕೆ ಮಾಸ್ಕ್ ಇಳಿಸಿದ್ರಿ?”

ಸಾಹೇಬರು ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡರು.

“ಆಸ್ಪತ್ರೆಯಲ್ಲೂ ಇಂಥದ್ದೇ ಗಾಜಿನ ಕೋಣೆ ಅಮ್ಮ. ನಂಗೂ ಹಿಂಗೇ ಗೌನು, ಹಿಂಗೇ ಮಾಸ್ಕು. ತೆಗೀಬೇಡಿ ಅಂದ್ರು, ತೆಗೀಲಿಲ್ಲ. ಅವಳ ಪಕ್ಕದಲ್ಲಿ ನಿಂತ್ಕೊಂಡು ಎಲ್ಲಾ ಓದಿದೆ. ಊದಿದೆ. ಆ ಉಸಿರು ಮಾಸ್ಕಿಗೆ ತಗುಲಿ ವಾಪಸ್ ನನ್ನ ಮುಖಕ್ಕೇ ಬಂತು. ಅವಳಿಗೆ ಹೋಗಲೇ ಇಲ್ಲ.” ಟೋಪಿಯ ಅಂಚನ್ನು ಸವರಿ, “ಲೋಕದವರಿಗೆಲ್ಲ ಊದಿದ್ದೆ” ಎಂದರು.

ಮುನಿಆಂಜನಪ್ಪ ಕೆಮ್ಮಿದರು. ಹೊರಗೆ ಯಾವುದೋ ಕಾರ್ಖಾನೆಯ ಸೈರನ್ನು ಕೂಗಿ ನಿಂತಿತು.

ಪದ್ಮಶ್ರೀ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಒಂದನ್ನು ಕೆಳಗಿಡದೆ ತಿರುಗಿಸಿ ತಿರುಗಿಸಿ ನೋಡಿದಳು. ಅದರಲ್ಲಿದ್ದ ಚಿಗುರು ಉಳಿದವುಗಳಿಗಿಂತ ಉದ್ದವಾಗಿತ್ತು.

“ಬಿಳಿ ಉಂಗುರ ಕೆಳಗಿದೆ, ತುದಿ ಮೇಲಿದೆ. ತುದಿಗೆ ಇನ್ನೂ ಏರಿಲ್ಲ ಅನ್ಸತ್ತೆ. ಅಷ್ಟನ್ನೇ ಕಟ್ ಮಾಡಿ, ಮತ್ತೆ ತೊಳೆದು ಹಾಕಿ ನೋಡಬಹುದು. ತೊಳೆದಾಗಲೇ ಸಾಯಬಹುದು. ಬದುಕಿದ್ರೂ ಮತ್ತೆ ಕೆಡಬಹುದು. ಇದು ಬಿಟ್ರೆ ಬೇರೆ ಇಲ್ಲ ಸರ್.”

“ಮಾಡಮ್ಮ.”

“ನೀವು ಹೊರಗೆ ಕೂರಬೇಕು.”

“ಕೂರ್ತೀನಿ.”

“ಬಾಗಿಲು ಸಂದಿಯಿಂದಾನೂ ಊದಬಾರದು.”

“ನೀವ್ ಹೋಗಿ ಮೇಡಂ, ಸಾಬ್ರ ಬಾಯಿಗೆ ನಾನ್ ಕಾವ್ಲಿರ್ತೀನಿ” ಎಂದರು ಮುನಿಆಂಜನಪ್ಪ.

ಅವಳು ಒಳಗೆ ಹೋದಳು. ಶೆಡ್ಡಿನ ಹೊರಗೆ, ಒಂದು ಕಾಲದಲ್ಲಿ ರಾಗಿ ಒಕ್ಕಿದ ಕಣವಿದ್ದ ಜಾಗದಲ್ಲಿ, ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತರು. ಬಯಲಿನಲ್ಲಿ ಕುಳಿತಿದ್ದರೂ ಸಾಹೇಬರು ಮಾಸ್ಕು ಹಾಕಿಕೊಂಡರು. ಓದಲು ಶುರುಮಾಡಿದರು. ಓದಿ ಮುಗಿಯಿತು. ಊದುವ ಜಾಗ ಬಂತು. ಅಭ್ಯಾಸದಿಂದ ಎದೆ ತುಂಬ ಉಸಿರು ಬಂದು ನಿಂತಿತು. ಅದನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಯದೆ ಸಾಹೇಬರು ಹಿಡಿದುಕೊಂಡರು. ಕಣ್ಣು ಕೆಂಪಾಯಿತು.

“ಉಸಿರಾಡ್ರೀ ಸಾಬ್ರೇ” ಎಂದು ಮುನಿಆಂಜನಪ್ಪ ಬೆನ್ನು ತಟ್ಟಿದರು. “ನಿಮ್ಗೇನಾರಾ ಆದ್ರೆ ಮೇಡಂ ನಿಮ್ ತುದೀನೂ ಕಟ್ ಮಾಡಿ ಬಾಟ್ಲಿಗ್ ಹಾಕ್ತಾರೆ. ಆಮ್ಯಾಕೆ ಸಾವ್ರ ಜನ ಸಾಬ್ರು. ಲೋಬಾನ ಯಾರ ಹತ್ರ ತಗಳ್ಳಿ ನಾನು?”

ಸಾಹೇಬರು ಉಸಿರು ಬಿಟ್ಟರು. ಅದು ಮಾಸ್ಕಿಗೆ ತಗುಲಿ ಬಿಸಿಯಾಗಿ ಅವರ ಮುಖಕ್ಕೇ ಬಂತು. ಅವರು ಮಾಸ್ಕನ್ನು ಮುಟ್ಟಲಿಲ್ಲ. ಮತ್ತೆ ಮೊದಲಿನಿಂದ ಓದಿದರು.

ಆ ತುದಿ ತೊಳೆದಾಗ ಸಾಯಲಿಲ್ಲ. ಮೊದಲನೆಯ ವಾರ ಕೆಡಲಿಲ್ಲ. ಎರಡನೆಯ ವಾರ ಅದು ಬದುಕಿದೆಯೇ ಸುಮ್ಮನೆ ಹಸಿರಾಗಿದೆಯೇ ಎಂದು ಹೇಳಲು ಪದ್ಮಶ್ರೀಗೂ ಆಗಲಿಲ್ಲ. ಸಾಹೇಬರು ಗಾಜಿನಿಂದ ಎರಡು ಮಾರು ಹಿಂದೆ ನಿಂತು ನೋಡಿ, ಮಾತಾಡದೆ ಹಿಂದಿರುಗುತ್ತಿದ್ದರು. ಬಕ್ರೀದ್ ಬಂದು ಹೋಯಿತು. ಒಂದು ಶುಕ್ರವಾರ ಅವಳು ಬಾಟಲಿಯನ್ನು ಗಾಜಿಗೆ ಅಂಟಿಸಿ ಹಿಡಿದಳು. ಬುಡದಲ್ಲಿ ಇನ್ನೊಂದು ಚಿಗುರಿನ ಕಣ್ಣು ಒಡೆದಿತ್ತು.

ಆಮೇಲೆ ಅದು ಬಾಟಲಿಗಳ ಲೆಕ್ಕದಲ್ಲಿ ನಡೆಯಿತು. ಒಂದರಿಂದ ನಾಲ್ಕು, ನಾಲ್ಕರಿಂದ ಒಂದು ಸಾಲು. ಬಾಳೆಯ ಹಲಗೆಗಳ ನಡುವೆ ಲ್ಯಾವೆಂಡರಿಗೆ ಒಂದು ಮೂಲೆಯಾಯಿತು. ಹುಡುಗಿಯರು ಅದಕ್ಕೆ ‘ಸಾಬ್ರ ಹಲಗೆ’ ಎಂದು ಹೆಸರಿಟ್ಟರು. ಬೇರು ಬರಿಸುವ ಜೆಲ್ಲಿಗೆ ಬದಲಿಸಿದಾಗ ಕೂದಲಿನಂಥ ಬೇರುಗಳು ಇಳಿದವು. ಇವುಗಳಲ್ಲಿ ಫಹ್ಮಿದಾಳದು ಯಾವುದು ಎಂದು ಸಾಹೇಬರು ಒಮ್ಮೆ ಕೇಳಿದರು. ಎಲ್ಲವೂ ಎಂದಳು ಪದ್ಮಶ್ರೀ. ಅದು ಹೇಗೆ ಎಂದು ಅವರು ಕೇಳಲಿಲ್ಲ. ಕೇಳಿದರೆ ಅವಳು ವಿವರಿಸುತ್ತಾಳೆಂದು ಗೊತ್ತಿತ್ತು.

ಮನೆಯಲ್ಲಿ ಬಿಲ್ಕೀಸ್ ಕೇಳಿದಳು. “ಏನಂತೆ ಭಾಬಿಯ ಗಿಡ?”

“ಚೆನ್ನಾಗಿದೆ. ನಾನು ದೂರ ಇದ್ದಷ್ಟೂ ಚೆನ್ನಾಗಿದೆ.”

“ಭಾಬಿಯ ಗಿಡವೇ ಸರಿ” ಎಂದಳು ಬಿಲ್ಕೀಸ್.

ಮಿಲಾದ್ ಹಬ್ಬ ಕಳೆದ ಮೇಲೆ ಪದ್ಮಶ್ರೀ ಫೋನು ಮಾಡಿ, ಗಿಡಗಳನ್ನು ಹೊರಗೆ ತೆಗೆಯುತ್ತೇವೆ, ನೀವು ಬರಲೇಬೇಕು ಎಂದಳು. ಶೆಡ್ಡಿನ ಹಿಂದೆ ಹಸಿರು ಬಲೆಯ ಚಪ್ಪರದ ಕೆಳಗೆ ಅವಳೂ ಹುಡುಗಿಯರೂ ಕುಳಿತಿದ್ದರು. ಬಾಟಲಿಯಿಂದ ಗಿಡವನ್ನು ಎಳೆದು, ಬೇರಿಗೆ ಅಂಟಿದ ಜೆಲ್ಲಿಯನ್ನು ನೀರಿನಲ್ಲಿ ಬೆರಳಿನಿಂದ ಸವರಿ ತೆಗೆದು, ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ನೆಡುತ್ತಿದ್ದರು. ಯಾರ ಮುಖದ ಮೇಲೂ ಮಾಸ್ಕು ಇರಲಿಲ್ಲ. ಎಲ್ಲರೂ ಒಂದೇ ಸಮನೆ ಮಾತಾಡುತ್ತಿದ್ದರು. ಸಾಹೇಬರು ಬಾಗಿಲಲ್ಲೇ ಹಿಂಜರಿದು, ಅಭ್ಯಾಸಬಲದಿಂದ ಕರವಸ್ತ್ರವನ್ನು ಬಾಯಿಗೆ ಹಿಡಿದರು.

“ತೆಗೀರಿ ಸರ್” ಎಂದಳು ಪದ್ಮಶ್ರೀ. “ಇನ್ನು ಇವಕ್ಕೆ ಹೊರಗಿನ ಗಾಳಿ ಅಭ್ಯಾಸ ಆಗಬೇಕು. ಧೂಳು, ಕ್ರಿಮಿ, ಎಲ್ಲಾ. ಬಾಟಲಿಯಲ್ಲೇ ಇಟ್ಟರೆ ಬದುಕಲ್ಲ. ಇದರಲ್ಲೂ ಒಂದಷ್ಟು ಹೋಗತ್ವೆ, ಅದು ಇದ್ದದ್ದೇ. ಉಳಿದಿದ್ದು ಉಳಿಯತ್ತೆ.” ಅವಳು ಒಂದು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದಳು. ಇದನ್ನು ಅವಳು ಬಹಳ ದಿನದಿಂದ ಯೋಚಿಸಿಟ್ಟಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. “ಈಗ ಊದಿ ಸರ್. ಎಷ್ಟು ಬೇಕಾದ್ರೂ ಊದಿ.”

ಹುಡುಗಿಯರು ಮಾತು ನಿಲ್ಲಿಸಿದರು. ಮುನಿಆಂಜನಪ್ಪ ಚಪ್ಪಲಿ ಬಿಟ್ಟು ನಿಂತರು.

ಸಾಹೇಬರು ಕರವಸ್ತ್ರವನ್ನು ಜೇಬಿಗೆ ಹಾಕಿದರು. ತಟ್ಟೆಯ ಮೇಲೆ ಬಗ್ಗಿದರು. ಗಿಡಗಳು ಬೆರಳಿನ ಎರಡು ಗೆಣ್ಣಿನಷ್ಟಿದ್ದವು. ಓದಲು ತುಟಿ ತೆರೆದರು; ಖಾಯಿಲೆಯವರ ಆಯತ್ತು ತುಟಿಗೆ ಬಂದು ಅಲ್ಲೇ ನಿಂತಿತು. ಬೀಬಿ ಖಾಯಿಲೆ ಬಿದ್ದ ರಜಬ್ ತಿಂಗಳಿನಿಂದ ಅವರು ಅದನ್ನೇ ಓದಿಕೊಂಡು ಬಂದಿದ್ದರು. ಗಾಜಿನ ಆಚೆ ಅದನ್ನೇ ಓದಿದ್ದರು. ಖಬರಸ್ತಾನಕ್ಕೆ ಹೋದಾಗಲೂ, ಯಾರೂ ನೋಡದಿರುವಾಗ, ಅದನ್ನೇ ಓದಿ ಮಣ್ಣಿನ ಮೇಲೆ ಊದಿ ಬರುತ್ತಿದ್ದರು. ನಲವತ್ತನೆಯ ದಿನ ಸತ್ತವರಿಗೆ ಓದುವುದನ್ನು ಇಮಾಮರು ಓದಿದ್ದರು. ಇವರು ಎಲ್ಲರ ಜೊತೆ ಆಮೀನ್ ಅಂದಿದ್ದರು, ಅಷ್ಟೇ.

ಸಾಹೇಬರು ನೆಟ್ಟಗೆ ನಿಂತರು. ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಬಿಚ್ಚಿದರು. ಫಾತಿಹಾ ಓದಿದರು. ಹೆಂಡತಿಯ ಹೆಸರು ಹೇಳಿದರು, ಅವರ ತಂದೆಯ ಹೆಸರು ಹೇಳಿದರು, ಅವಳ ತಪ್ಪುಗಳನ್ನು ಮನ್ನಿಸಿ ಅವಳ ಗೋರಿಯನ್ನು ವಿಶಾಲ ಮಾಡು ಎಂದು ಕೇಳಿಕೊಂಡರು. ಕೈಗಳಿಂದ ಮುಖ ಸವರಿಕೊಂಡರು. ಮುಖ ಒದ್ದೆಯಾಗಿತ್ತು, ಕೈಯೂ ಒದ್ದೆಯಾಯಿತು.

ಪದ್ಮಶ್ರೀ ತಟ್ಟೆಯನ್ನು ಹಾಗೆಯೇ ಹಿಡಿದಿದ್ದಳು.

“ಊದಲೇ ಇಲ್ವಲ್ಲ ಸರ್?”

“ಊದೋದು ಖಾಯಿಲೆಯವರಿಗೆ ಅಮ್ಮ, ವಾಸಿಯಾಗಲಿ ಅಂತ” ಎಂದರು ಸಾಹೇಬರು. “ಹೋದವರಿಗೆ ಊದೋದಿಲ್ಲ. ಕೈಯೆತ್ತಿ ಕೇಳ್ಕೊಳ್ಳೋದು, ಅಷ್ಟೇ.”

“ಮತ್ತೆ ಗಿಡಕ್ಕೆ?”

“ಗಿಡಕ್ಕೆ ಏನೂ ಖಾಯಿಲೆ ಇಲ್ಲವಲ್ಲ?”

“ಇಲ್ಲ ಸರ್.”

“ಹಾಗಾದ್ರೆ ಕೆಳಗಿಡಮ್ಮ, ಕೈ ನೋಯತ್ತೆ.”

ಮುನಿಆಂಜನಪ್ಪ ಚಪ್ಪಲಿ ಹಾಕಿಕೊಂಡರು. “ಇದನ್ನ ಮೊದ್ಲೇ ಹೇಳಿದ್ರೆ ಆ ಮೂರು ಬಾಟ್ಲಿ ಉಳ್ಕೊಳ್ತಿದ್ವಲ್ಲ ಸಾಬ್ರೇ” ಎಂದರು.

“ಮೊದಲು ಗೊತ್ತಿರ್ಲಿಲ್ಲ” ಎಂದರು ಸಾಹೇಬರು.

ತಟ್ಟೆಯಲ್ಲಿದ್ದವುಗಳಲ್ಲಿ ಒಂದಷ್ಟು ಹೋದವು, ಉಳಿದದ್ದು ಉಳಿಯಿತು. ಮಳೆ ನಿಂತ ಮೇಲೆ ಸಾಹೇಬರೂ ಬಿಲ್ಕೀಸಳೂ ಒಂದು ಗಿಡವನ್ನು ಒಯ್ದು ಗೋರಿಯ ತಲೆಯ ಕಡೆ ನೆಟ್ಟರು, ಸುತ್ತಲೂ ಮೇಕೆ ಬಾಯಿ ಹಾಕದಂತೆ ತಂತಿಯ ಬುಟ್ಟಿ ಕವುಚಿದರು. ಅದು ಬೆಳೆದದ್ದು ಕಡಿಮೆ, ಆದರೆ ಹಸಿರಾಗಿದೆ. ಅದು ಮಾಡುವ ಸ್ಮರಣೆ ಹೊರಗೆ ಕೇಳಿಸುವಂಥದ್ದಲ್ಲ.